ಹುಟ್ಟಲಿರುವ ಕಂದನ ಪೌರತ್ವದ ಕುರಿತು

ಉಡುಪಿ

ಚಿ. ಸೌ. ಸುಮನಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ಹೆರಿಗೆಗೆ ತವರಿಗೆ ಬರುವುದೋ ದುಬೈಯಲ್ಲೇ ಉಳಿಯುವುದೋ ಎಂದು ನೀನು ಮೊನ್ನೆ ಫೋನಿನಲ್ಲಿ ಕೇಳಿದಾಗ, ಅದು ವೈದ್ಯರೂ ನಿನ್ನ ಅಮ್ಮನೂ ತೀರ್ಮಾನಿಸಬೇಕಾದ ಮಾತೆಂದು ನಾನು ಸುಮ್ಮನಾದೆ. ಆದರೆ ಅಲ್ಲಿ ಹುಟ್ಟಿದರೆ ಮಗು ಯಾವ ದೇಶದ ಪ್ರಜೆಯಾಗುತ್ತದೆ ಎಂಬ ನಿನ್ನ ಪ್ರಶ್ನೆಗೆ ಅವಸರದ ಉತ್ತರ ಕೊಡಲು ಮನಸ್ಸಾಗಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಜನನ ಮರಣದ ಕಾಗದಗಳ ನಡುವೆಯೇ ನೌಕರಿ ಮುಗಿಸಿದವನಾದ್ದರಿಂದ ಬರೆದೇ ತಿಳಿಸುತ್ತಿದ್ದೇನೆ.

ನಮ್ಮ ಮನೆಯವರನ್ನೇ ನೋಡು. ನಾನು 1951ರಲ್ಲಿ ಇದೇ ಮನೆಯ ಒಳಕೋಣೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದೆ. ನನ್ನ ಜನನವನ್ನು ಯಾರೂ ನೋಂದಾಯಿಸಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1 ಎಂಬುದೇ ನನ್ನ ಜನ್ಮದಿನವಾಗಿ ಉಳಿಯಿತು. 1955ರ ಪೌರತ್ವ ಕಾಯ್ದೆಯಂತೆ, 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರಿಗೆ, ವಿದೇಶಿ ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟರೆ, ಈ ನೆಲದಲ್ಲಿ ಹುಟ್ಟಿದ್ದೇ ಸಾಕಿತ್ತು. 1994ರಲ್ಲಿ ನೀನು ಹುಟ್ಟುವ ಹೊತ್ತಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕೆಂಬ ನಿಯಮ ಬಂದಿತ್ತು. 2004ರ ಡಿಸೆಂಬರ್ 3ರಿಂದ ಅದು ಇನ್ನೂ ಬಿಗಿಯಾಗಿ, ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಮತ್ತೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂದಾಯಿತು. ನೀನೂ ಅಳಿಯಂದಿರೂ ಭಾರತದ ಪ್ರಜೆಗಳೇ ಆದ್ದರಿಂದ, ಇಲ್ಲಿಗೆ ಬಂದು ಹೆತ್ತರೆ ಮಗು ಹುಟ್ಟಿನಿಂದಲೇ ಭಾರತೀಯ.

ದುಬೈಯ ಲೆಕ್ಕ ಬೇರೆ. ತನ್ನ ನೆಲದಲ್ಲಿ ಹುಟ್ಟಿತೆಂಬ ಒಂದೇ ಕಾರಣಕ್ಕೆ ನಿಮ್ಮಂಥ ಹೊರನಾಡಿನವರ ಮಗುವಿಗೆ ಆ ದೇಶ ಪೌರತ್ವ ಕೊಡುವುದಿಲ್ಲ. ನನ್ನ ಮೊಮ್ಮಗಳು 2012ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದಾಗ, ಅಪ್ಪ ಅಮ್ಮ ಇಬ್ಬರೂ ವೀಸಾದ ಮೇಲಿದ್ದರೂ, ಅವಳು ಅಮೆರಿಕದ ಪ್ರಜೆಯಾದಳು. ಅಲ್ಲಿನ ಸಂವಿಧಾನಕ್ಕೆ 1868ರಲ್ಲಿ ಸೇರಿದ ಹದಿನಾಲ್ಕನೇ ತಿದ್ದುಪಡಿ ಅದಕ್ಕೆ ಆಧಾರ. ಈಗ ಅವಳ ಬಳಿ ಇರುವುದು ಭಾರತದ ಓಸಿಐ ಕಾರ್ಡು, ಅಂದರೆ ಹೊರದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡು. ಊರಿಗೆ ಬಂದು ಹೋಗಲು ಅದು ಸಾಕು, ಆದರೆ ಅದು ಪೌರತ್ವವಲ್ಲ; ದೊಡ್ಡವಳಾದ ಮೇಲೂ ಆ ಕಾರ್ಡಿನ ಬಲದಿಂದ ಇಲ್ಲಿ ಮತ ಹಾಕುವಂತಿಲ್ಲ. ಅವಳನ್ನು ನೋಡಿ ನಿನ್ನ ಮಗುವಿನ ಲೆಕ್ಕ ಹಾಕಬೇಡ.

ದುಬೈಯಲ್ಲಿ ಹುಟ್ಟಿದರೆ ನಿನ್ನ ಕಂದನಿಗೆ ಪೌರತ್ವ ಬರಬೇಕಾದದ್ದು ನಿಮ್ಮಿಬ್ಬರಿಂದ, ಅಂದರೆ ವಂಶದ ದಾರಿಯಲ್ಲಿ. 1992ರ ಡಿಸೆಂಬರ್ 10ಕ್ಕೆ ಮುಂಚೆ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಈ ದಾರಿ ತಂದೆಯ ಮೂಲಕ ಮಾತ್ರ ತೆರೆದಿತ್ತು. ಒಂಬತ್ತು ತಿಂಗಳು ಹೊತ್ತು ಹೆತ್ತವಳ ಪೌರತ್ವ ಲೆಕ್ಕಕ್ಕೇ ಇರಲಿಲ್ಲ. ಆ ಅನ್ಯಾಯವನ್ನು ಸರಿಪಡಿಸಲು ನಮಗೆ ಅಷ್ಟು ವರ್ಷ ಬೇಕಾಯಿತೆಂಬುದು ನನಗೆ ಇಂದಿಗೂ ನೋವಿನ ಸಂಗತಿ. ಈಗ ತಾಯಿಯಿಂದಲೂ ಬರುತ್ತದೆ, ಆದರೆ ತಾನಾಗಿ ಬರುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ಜನನವನ್ನು ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ನೀವಿಬ್ಬರೂ ಘೋಷಣೆ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಅಲ್ಲಿನ ನೆಲ ಏನೂ ಕೊಡದಿರುವಾಗ, ಇಲ್ಲಿನದನ್ನೂ ಅಲಕ್ಷ್ಯದಿಂದ ತೂಗುಯ್ಯಾಲೆಯಲ್ಲಿಡುವುದು ಬೇಡ ಮಗಳೇ. ಹಸುಳೆಗೆ ಅಲ್ಲಿ ವಾಸದ ವೀಸಾ ಮಾಡಿಸಲಿಕ್ಕೂ ಮೊದಲು ಪಾಸ್‌ಪೋರ್ಟ್ ಬೇಕಲ್ಲವೇ?

ಇನ್ನೊಂದು ಮಾತು. ನಿನ್ನ ಮದುವೆಯ ನೋಂದಣಿ ಪತ್ರದ ನಕಲು ನನ್ನ ಪೆಟ್ಟಿಗೆಯಲ್ಲಿದೆ. ಅದರಲ್ಲಿ ನಿನ್ನ ಹೆಸರಿನ ಕೊನೆಗೆ ಇಂಗ್ಲಿಷಿನ ಎರಡು 'ಎ' ಇವೆ, ಪಾಸ್‌ಪೋರ್ಟಿನಲ್ಲಿ ಒಂದೇ ಇದೆ. ಒಂದಕ್ಷರದ ವ್ಯತ್ಯಾಸಕ್ಕೆ ಬಾಣಂತಿಯರು ಎಳೆಗೂಸನ್ನು ಎತ್ತಿಕೊಂಡು ಕೌಂಟರಿನ ಮುಂದೆ ಮತ್ತೆ ಮತ್ತೆ ಬಂದು ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಏಳು ತಿಂಗಳು ತುಂಬುವುದರೊಳಗೆ ಅದನ್ನು ಸರಿಪಡಿಸುವ ಏರ್ಪಾಡು ಮಾಡೋಣ. ಇಲ್ಲಿನ ಓಡಾಟ ನನಗಿರಲಿ. ಅಳಿಯಂದಿರಿಗೆ ಹೇಳಿ ನಿಮ್ಮಿಬ್ಬರ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ ಪ್ರತಿಯನ್ನು ಈ ವಾರವೇ ಕಳಿಸು.

ಇತಿ,
ನಿನ್ನ ದೊಡ್ಡಪ್ಪ