ಕೊನೆಯವರೆಗೂ ಕೂತವರಿಗೆ

ಶನಿವಾರ ಸಂಜೆ ಸಭಾಂಗಣದ ಬ್ಯಾನರ್ ಬಿಚ್ಚಿ ಮಡಿಸಿಟ್ಟೆವು. ವಿದ್ಯಾರ್ಥಿಗಳೇ ಪ್ರಬಂಧ ಮಂಡಿಸುವ ಸಂಶೋಧನಾ ವಿಚಾರ ಸಂಕಿರಣ ನಮ್ಮ ಕಾಲೇಜಿನಲ್ಲಿ ನಡೆದದ್ದು ಇದೇ ಮೊದಲು. ವಂದನಾರ್ಪಣೆಗೆ ಐದು ನಿಮಿಷವೂ ಉಳಿದಿರಲಿಲ್ಲ, ಹೆಸರು ಓದಿ ಇಳಿದುಬಿಟ್ಟೆ. ಅಷ್ಟು ಸಾಲದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲ್ಯಾಬಿನ ಅಣ್ಣನಿಗೆ. ಕೋಲಾರದ ಸುತ್ತಲಿನ ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ನೋಡಲು ನಾವು ಮೂವರು ಹೊರಟಿದ್ದೆವು. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಇರಬಹುದು. ಜಾಸ್ತಿಯಾದರೆ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ, ಅಂಥವರು ನಮ್ಮ ಕ್ಲಾಸಿನಲ್ಲೇ ಇದ್ದಾರೆ.

ಪರೀಕ್ಷೆ ಸುಲಭ ಅಂದುಕೊಂಡಿದ್ದೆವು. ಕೆಂಪು ದ್ರಾವಣಕ್ಕೆ ನೀರು ಬೆರೆಸಬೇಕು. ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಕೆಂಪು ಮಾಸುತ್ತದೆ. ಎಷ್ಟು ಮಾಸಿತು ಅಂತ ಮೆಷಿನ್ ತೋರಿಸುತ್ತದೆ. ಆದರೆ ಒಂದೇ ಬಾಟಲಿಯ ನೀರಿಗೆ ಬೆಳಿಗ್ಗೆ ಒಂದು ಅಂಕಿ, ಮಧ್ಯಾಹ್ನ ಇನ್ನೊಂದು. ಎರಡು ವಾರ ಹೀಗೇ ಹೋಯಿತು. ಬಿಟ್ಟುಬಿಡೋಣ ಅಂತ ಮಾತಾಡಿಕೊಳ್ಳುತ್ತಿದ್ದಾಗ ಅಣ್ಣ ಬಂದು ಬಾಟಲಿ ಮುಟ್ಟಿ ನೋಡಿದರು. "ಇದು ಈಗ ಫ್ರಿಜ್‌ನಿಂದ ತೆಗ್ದಿದ್ದಲ್ವಾ? ಸ್ಟ್ಯಾಂಡರ್ಡ್ ಹೊರಗಿಟ್ಟಿದ್ದೀರಿ. ಎರಡೂ ಒಂದೇ ಬಿಸಿಗೆ ಬರ್ಲಿ, ಆಮೇಲೆ ಹಾಕಿ" ಅಂದರು. ಸ್ಟ್ಯಾಂಡರ್ಡ್ ಅಂದರೆ ಫ್ಲೋರೈಡ್ ಎಷ್ಟಿದೆ ಅಂತ ಮೊದಲೇ ಗೊತ್ತಿರುವ, ಹೋಲಿಸಿ ನೋಡುವ ದ್ರಾವಣ. ಕಾದೆವು. ಆಮೇಲೆ ಮೂರು ಸಲ ಅಳೆದರೂ ಹತ್ತಿರ ಹತ್ತಿರದ ಅಂಕಿಯೇ ಬಂತು. ಅಣ್ಣಾ, ನಮ್ಮ ಪೋಸ್ಟರಿನಲ್ಲಿ ನಿಮ್ಮ ಹೆಸರು ಇರುವುದು ಅದಕ್ಕೇ.

ಕನ್ನಡ ಮೇಡಂ ಊಟದ ಬಿಡುವಿನಲ್ಲಿ ನಾಲ್ಕು ದಿನ ನಮ್ಮ ಮಾತು ಕೇಳಿದರು. "ನಂಗೆ ಕೆಮಿಸ್ಟ್ರಿ ಬರಲ್ಲ, ನಂಗೆ ತಿಳಿಯೋ ಹಾಗೆ ಹೇಳಿ" ಅನ್ನುತ್ತಿದ್ದರು. ತಿಳಿಯದಿದ್ದರೆ ತಲೆ ಆಡಿಸುತ್ತಿರಲಿಲ್ಲ. ಅದಕ್ಕಿಂತ ಒಳ್ಳೆಯ ತರಬೇತಿ ನಮಗೆ ಬೇರೆ ಸಿಗಲಿಲ್ಲ.

ಆಫೀಸಿನ ಅಕ್ಕ ಪಂಚಾಯಿತಿಗಳಿಗೆ ಕೊಡುವ ಪತ್ರಗಳನ್ನು ಒಂದೇ ದಿನದಲ್ಲಿ ಟೈಪ್ ಮಾಡಿ ಸೀಲು ಹಾಕಿಸಿಕೊಟ್ಟರು. ಆ ಪತ್ರ ಇಲ್ಲದಿದ್ದರೆ ಎಷ್ಟೋ ಕಡೆ ನಲ್ಲಿ ಮುಟ್ಟಲೂ ಬಿಡುತ್ತಿರಲಿಲ್ಲ. ಹಿಂದಿನ ದಿನ ಸಂಜೆ ಪೋಸ್ಟರ್‌ಗಳು ಪ್ರಿಂಟ್ ಆಗಿ ಬಂದಾಗ ಕನ್ನಡದ ಒತ್ತಕ್ಷರಗಳೆಲ್ಲ ಒಡೆದುಹೋಗಿದ್ದವು. ನನಗೆ ಅಳುವೇ ಬಂತು. ಮನೆಗೆ ಹೊರಟಿದ್ದ ಲೈಬ್ರರಿ ಮೇಡಂ ಬ್ಯಾಗ್ ಕೆಳಗಿಟ್ಟು ಕಂಪ್ಯೂಟರ್ ಆನ್ ಮಾಡಿದರು. ಒಂದೊಂದೇ ಫೈಲನ್ನು ಪಿಡಿಎಫ್ ಮಾಡಿ, ಅಕ್ಷರ ಸರಿ ಇದೆಯಾ ಅಂತ ನಮ್ಮಿಂದ ಜೋರಾಗಿ ಓದಿಸಿ, ಮತ್ತೆ ಪ್ರಿಂಟಿಗೆ ಕಳಿಸಿದರು.

ಕೆ.ಜಿ.ಎಫ್.ನಿಂದ ಬರುವ ಜೂನಿಯರ್ ಒಬ್ಬಳು ವೇದಿಕೆ ಹತ್ತಲು ಹೆದರಿ ನಿಂತಿದ್ದಳು. ಫಿಸಿಕ್ಸ್ ಸರ್ ಅವಳ ಪಕ್ಕ ಕೂತು, "ನಿಮ್ಮೂರ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ, 1965ರಲ್ಲಿ ನ್ಯೂಟ್ರಿನೊ ಅನ್ನೋ ಕಣ್ಣಿಗೆ ಕಾಣದ ಕಣ ಹಿಡಿದಿದ್ದಾರಮ್ಮ. ಅಲ್ಲಿಂದ ಬಂದವಳು ನೀನು" ಅಂದರು. ಅವಳು ಹೋಗಿ ಮಾತಾಡಿದಳು.

ನಮ್ಮ ಸರದಿ ಬಂದದ್ದು ಕಟ್ಟಕಡೆಗೆ. ಊಟ ಮುಗಿದು ಹುಡುಗರು ಬಸ್ಸು ಹಿಡಿಯಲು ಹೋಗಿದ್ದರು. ಮುಂದಿನ ಸಾಲಿನಲ್ಲಿ ಮಾತ್ರ ಇತಿಹಾಸ, ಕಾಮರ್ಸ್, ಗಣಿತದ ಮೇಷ್ಟ್ರುಗಳು ಹಾಗೇ ಕೂತಿದ್ದರು. ಅವರಿಗೆ ಡ್ಯೂಟಿ ಹಾಕಿರಲಿಲ್ಲ, ಸುಮ್ನೆ ಎದ್ದು ಹೋಗಬಹುದಿತ್ತು. ಇತಿಹಾಸದ ಸರ್ ಕೈ ಎತ್ತಿ ಕೇಳಿದರು: "ಇದೆಲ್ಲ ಬೇಸಿಗೆ ನೀರು. ಮಳೆಗಾಲ ಕಳೆದ ಮೇಲೆ ನೋಡಿದ್ರೆ ಎಷ್ಟು ಬರುತ್ತೆ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆದರೆ ನಮ್ಮ ಕೆಲಸವನ್ನು ಅಷ್ಟು ಗಮನ ಕೊಟ್ಟು ಕೇಳಿದ್ದಾರಲ್ಲ ಅಂತ ಎದೆ ತುಂಬಿ ಬಂತು. ಸರ್, ಬಹುಮಾನ ಬಂದದ್ದಕ್ಕಿಂತ ಆ ಪ್ರಶ್ನೆ ನನಗೆ ದೊಡ್ಡದು.

ಮುಂದಿನ ವರ್ಷ ನಾವಿರಲ್ಲ. ಜೂನಿಯರ್‌ಗಳ ಮಾತಿಗೂ ದಯವಿಟ್ಟು ಹೀಗೇ ಬಂದು ಕೂರಿ, ನಿಮ್ಮ ವಿಷಯ ಅಲ್ಲದಿದ್ದರೂ ಕೇಳಿ. ಎರಡನೇ ವರ್ಷದವರು ಮಳೆಗಾಲ ಮುಗಿಯುತ್ತಲೇ ಅದೇ ಊರುಗಳಿಗೆ ಹೋಗುತ್ತಾರಂತೆ. ಲ್ಯಾಬಿನ ಅಣ್ಣಾ, ತೊಳೆದ ಪ್ಲಾಸ್ಟಿಕ್ ಬಾಟಲಿಗಳನ್ನು ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದೇವೆ. ಊರಿನ ಹೆಸರಿನ ಚೀಟಿ ಕೀಳಬೇಡಿ, ಅವರಿಗೆ ಬೇಕಾಗುತ್ತದೆ.