ನನ್ನ ಬಲಗಡೆಗೆ ಬಂದು ಕೂತವರಿಗೆಲ್ಲ

ನನ್ನ ಎಡಗಿವಿ ಇದ್ದಕ್ಕಿದ್ದಂತೆ ಕೇಳುವುದನ್ನು ನಿಲ್ಲಿಸಿ ಈ ನವೆಂಬರ್‌ಗೆ ಎರಡು ವರ್ಷ ಆಯಿತು. ಇದನ್ನು ಬರೆಯಬೇಕು ಬರೆಯಬೇಕು ಅಂದುಕೊಂಡು ಮುಂದೂಡುತ್ತಲೇ ಬಂದೆ. ಆಗ ನನಗೆ ಆಸರೆಯಾದವರಿಗೆ ಎದುರಿಗೆ ಥ್ಯಾಂಕ್ಸ್ ಹೇಳಲು ಹೋದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ, "ಇರಲಿ ಬಿಡಿ ಮೇಡಂ" ಅಂತ ಅವರೂ ಮಾತು ಮರೆಸುತ್ತಾರೆ. ಅದಕ್ಕೇ ಇವತ್ತು ಎಲ್ಲರ ಮುಂದೆ ಹೇಳಿಬಿಡುತ್ತೇನೆ.

ನಾನು ನಂಜನಗೂಡು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. 2023ರ ದೀಪಾವಳಿ ಮುಗಿದು ಒಂದು ವಾರ ಆಗಿತ್ತು. ಬೆಳಗ್ಗೆ ಎಚ್ಚರ ಆದಾಗ ಮನೆಯಲ್ಲಿ ಒಂಚೂರೂ ಸದ್ದಿಲ್ಲ. ದಿನಾ ಆ ಹೊತ್ತಿಗೆ ಕುಕ್ಕರ್ ಕೂಗುತ್ತಿರುತ್ತದೆ, ಅತ್ತೆಯ ರೇಡಿಯೊ ಜೋರಾಗಿ ಹಾಡುತ್ತಿರುತ್ತದೆ, ನಲ್ಲಿ ನೀರು ಬಿಂದಿಗೆಗೆ ಬೀಳುತ್ತಿರುತ್ತದೆ. ಇನ್ನೂ ಯಾರೂ ಎದ್ದಿಲ್ಲ ಅಂದುಕೊಂಡು ದಿಂಬಿನಿಂದ ತಲೆ ಎತ್ತಿದೆ. ಅಷ್ಟೂ ಸದ್ದು ಒಟ್ಟಿಗೇ ಬಂತು. ಬಲಗಿವಿಯನ್ನು ಮತ್ತೆ ದಿಂಬಿಗೆ ಒತ್ತಿ ಮಲಗಿದೆ. ಏನೂ ಇಲ್ಲ. ಎತ್ತಿದೆ. ಕುಕ್ಕರ್ ಕೂಗುತ್ತಿದೆ. ಹೀಗೆ ನಾಲ್ಕೈದು ಸಲ ಮಾಡಿದೆ. ಎದ್ದು ನಿಂತರೆ ನೆಲ ಒಂದು ಕಡೆಗೆ ವಾಲಿದ ಹಾಗೆ. ಎಡಗಿವಿಯ ಒಳಗೆ ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತರೆ ಬರುತ್ತದಲ್ಲ, ಆ ಥರ ಗುಂಯ್ ಅನ್ನುವ ಸದ್ದು.

ಅಷ್ಟರಲ್ಲಿ ತಂಗಿ ಫೋನ್ ಮಾಡಿದಳು. ನಾನು ಯಾವಾಗಲೂ ಎಡಗಿವಿಗೇ ಫೋನ್ ಇಟ್ಟುಕೊಳ್ಳುವುದು. ಹಲೋ ಹಲೋ ಅಂತ ಕೂಗಿ, ನೆಟ್‌ವರ್ಕ್ ಇಲ್ಲ ಅಂತ ಇನ್ನೇನು ಕಟ್ ಮಾಡಬೇಕು, ಯಾಕೋ ಬಲಗಡೆಗೆ ಹಿಡಿದೆ. "ಅಕ್ಕ, ಕೇಳಿಸ್ತಿದ್ಯಾ? ಅಕ್ಕ?" ಅಂತ ಅವಳು ಕೇಳುತ್ತಲೇ ಇದ್ದಳು.

ಮೊದಲ ನಾಲ್ಕು ದಿನ ಹೇಗೆ ಹೋದವು ಅಂತ ಹೇಳುತ್ತೇನೆ, ಯಾಕೆಂದರೆ ಇದನ್ನು ಓದುವ ಯಾರಿಗಾದರೂ ನಾಳೆ ಬೆಳಗ್ಗೆ ಇದೇ ಆಗಬಹುದು. ಮೊದಲ ದಿನ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡೆ. ಎರಡನೇ ದಿನ ಒಂದು ಕ್ಲಿನಿಕ್‌ಗೆ ಹೋದೆ. ಗುಗ್ಗೆ ಕಟ್ಟಿದೆ, ಐದು ದಿನ ಡ್ರಾಪ್ಸ್ ಹಾಕಿ, ಶೀತಕ್ಕೆ ಹೀಗಾಗುತ್ತದೆ ಅಂದರು. ನೋವಿರಲಿಲ್ಲ, ಜ್ವರ ಇರಲಿಲ್ಲ. ನಂಬಿದೆ. ಶಾಲೆಗೂ ಹೋದೆ.

ಐದನೇ ದಿನ ಪ್ರಾರ್ಥನೆಗೆ ನಿಂತಾಗ ತಲೆ ಸುತ್ತಿ ಪಕ್ಕದ ಕಂಬ ಹಿಡಿದುಕೊಂಡೆ. ನಮ್ಮ ಪಿ.ಟಿ. ಮೇಷ್ಟ್ರು ನೋಡಿದರು. ಬಂದು ಏನಾಯಿತು ಅಂತ ಕೇಳಿದರು. ಹೇಳಿದೆ. ಅವರ ಮುಖ ಬದಲಾಯಿತು. ಅವರ ತಂಗಿಗೆ ಹಿಂದೆ ಹೀಗೇ ಆಗಿ, ಒಂದು ತಿಂಗಳು ಡ್ರಾಪ್ಸ್ ಹಾಕಿಕೊಂಡು ಕೂತಿದ್ದರಂತೆ. "ಮೇಡಂ, ಬಾಯಿ ಮುಚ್ಚಿಕೊಂಡು ಹೂಂ ಅಂತ ಎಳೀರಿ. ಸದ್ದು ಯಾವ ಕಿವಿಯಲ್ಲಿ ಜಾಸ್ತಿ ಬರ್ತಿದೆ?" ಎಳೆದೆ. ಬಲಗಡೆ, ಚೆನ್ನಾಗಿರುವ ಕಡೆ. "ಗುಗ್ಗೆ ಆಗಿದ್ರೆ ಕಟ್ಟಿದ ಕಡೆನೇ ಜೋರಾಗಿ ಕೇಳಬೇಕಿತ್ತು ಮೇಡಂ. ಇವತ್ತೇ ಮೈಸೂರಿಗೆ ಹೋಗಿ, ನಾಳೆ ಅನ್ನಬೇಡಿ" ಅಂದವರೇ ನಮ್ಮ ಮನೆಯವರಿಗೆ ತಾವೇ ಫೋನ್ ಮಾಡಿದರು. ನನ್ನ ಎರಡು ಪೀರಿಯಡ್ ತಾವೇ ತೆಗೆದುಕೊಂಡರು. ಮೇಷ್ಟ್ರೇ, ನಿಮ್ಮ ಋಣ ನಾನು ತೀರಿಸಲಾರೆ.

ಮೈಸೂರಿನಲ್ಲಿ ನೋಡಿದ ಇಎನ್‌ಟಿ ಡಾಕ್ಟರ್ ಟ್ಯೂನಿಂಗ್ ಫೋರ್ಕ್ ಅನ್ನುವ ಲೋಹದ ಕವೆಯನ್ನು ತಟ್ಟಿ ನನ್ನ ಹಣೆಯ ಮಧ್ಯಕ್ಕೆ ಇಟ್ಟರು. ಸದ್ದು ಬಲಕ್ಕೇ ಓಡಿತು. ಮೇಷ್ಟ್ರು ಹೇಳಿದ್ದೇ ಸರಿ, ತೊಂದರೆ ಇದ್ದದ್ದು ಕಿವಿಯ ಹೊರಗಲ್ಲ, ಒಳಗಿವಿಯಲ್ಲಿ, ನರದ ಕಡೆ. ಮೂರು ದಿನದ ಒಳಗೆ, ಒಂದಕ್ಕೊಂದು ಅಂಟಿದ ಮೂರು ಸ್ವರಮಟ್ಟಗಳಲ್ಲಾದರೂ 30 ಡೆಸಿಬಲ್‌ನಷ್ಟು (ಸದ್ದಿನ ಜೋರನ್ನು ಅಳೆಯುವ ಲೆಕ್ಕ ಅದು) ಕೇಳುವುದು ಬಿದ್ದುಹೋದರೆ ಇದನ್ನು ಹಠಾತ್ ಶ್ರವಣ ನಷ್ಟ ಅನ್ನುತ್ತಾರಂತೆ. ಹೆಚ್ಚಿನವರಿಗೆ ಒಂದೇ ಕಿವಿಗೆ ಬರುತ್ತದೆ, ಹೆಚ್ಚಿನವರಿಗೆ ಯಾಕೆ ಬಂತು ಅನ್ನುವುದು ಕೊನೆಗೂ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗಲಿಲ್ಲ. ಎಂಆರ್‌ಐ ಮಾಡಿಸಿ ನರದ ಮೇಲೆ ಗಡ್ಡೆ ಇಲ್ಲ ಅಂತ ಖಚಿತ ಮಾಡಿಕೊಂಡರು, ಅಷ್ಟೇ.

ಅವತ್ತೇ ಸ್ಟಿರಾಯ್ಡ್ ಮಾತ್ರೆ ಶುರು ಮಾಡಿದರು. ಈ ಮಾತ್ರೆ ಮೊದಲ ಎರಡು ವಾರದೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು ಅಂದರು. ನಾಲ್ಕು ದಿನ ವ್ಯರ್ಥ ಮಾಡಿಕೊಂಡೆನಲ್ಲ ಅಂತ ನಾನು ಅತ್ತಾಗ ಡಾಕ್ಟರ್ ಹೇಳಿದ ಮಾತು ನೆನಪಿದೆ. ಔಷಧಿ ಇಲ್ಲದೆಯೂ ವಾಪಸ್ ಬಂದವರಿದ್ದಾರೆ, ಮೊದಲ ದಿನವೇ ಔಷಧಿ ತೆಗೆದುಕೊಂಡೂ ಬಾರದವರಿದ್ದಾರೆ, ಆ ನಾಲ್ಕು ದಿನದ ಲೆಕ್ಕ ಹಾಕುತ್ತಾ ಕೂರಬೇಡಿ ಅಂದರು. ಆ ಮಾತಿಗೂ ಥ್ಯಾಂಕ್ಸ್ ಡಾಕ್ಟರ್.

ಮಾತ್ರೆಯಿಂದ ಅಷ್ಟಾಗಿ ಬದಲಾಗದೇ ಇದ್ದಾಗ ಕಿವಿಯ ತಮಟೆಯ ಮೂಲಕ ಒಳಗೆ ಸ್ಟಿರಾಯ್ಡ್ ಚುಚ್ಚಿದರು. ವಾರಕ್ಕೊಂದರಂತೆ ನಾಲ್ಕು ಸಲ. ಚುಚ್ಚಿದ ಮೇಲೆ ಮಗ್ಗುಲಾಗಿ ಅರ್ಧ ಗಂಟೆ ಅಲುಗಾಡದೆ ಮಲಗಬೇಕು. ಮಾತಾಡಬಾರದು, ಉಗುಳು ನುಂಗಬಾರದು, ನುಂಗಿದರೆ ಔಷಧಿ ಗಂಟಲಿಗೆ ಇಳಿದುಹೋಗುತ್ತದೆ. ನುಂಗಬಾರದು ಅಂದ ತಕ್ಷಣ ಬಾಯಿ ತುಂಬ ನೀರು ಬರುತ್ತದೆ, ಅಲ್ವಾ. ಅಲ್ಲಿದ್ದ ಒಬ್ಬ ಸಿಸ್ಟರ್ ನನ್ನ ಕೆನ್ನೆಯ ಕೆಳಗೆ ಒಂದು ಸ್ಟೀಲ್ ಟ್ರೇ ಇಟ್ಟು, ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತು, ಬಾಯಿ ಒರೆಸುತ್ತಾ ಗಡಿಯಾರ ನೋಡಿ ಬೆರಳು ತೋರಿಸುತ್ತಿದ್ದರು. ಇನ್ನು ಹದಿನೈದು ನಿಮಿಷ. ಇನ್ನು ಹತ್ತು. ಬಲಗಿವಿ ದಿಂಬಿನಲ್ಲಿ ಮುಳುಗಿತ್ತಾದ್ದರಿಂದ ಅವರ ದನಿ ನನಗೆ ಕೇಳುವ ಹಾಗಿರಲಿಲ್ಲ. ಯಾರೂ ಹೇಳದೆಯೇ ಆ ತಾಯಿಗೆ ಅದು ಹೊಳೆದಿತ್ತು. ಅವರ ಹೆಸರು ಕೇಳುವುದನ್ನೂ ಮರೆತೆ.

ಕಿವಿ ಪರೀಕ್ಷೆ ಆದದ್ದು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ಮೈಸೂರಿನವರ ಬಾಯಲ್ಲಿ ಅದು ಸ್ಪೀಚ್ ಅಂಡ್ ಹಿಯರಿಂಗ್. 1965ರಲ್ಲಿ ಶುರುವಾದ ಸಂಸ್ಥೆ. ಮನೆಯಿಂದ ಒಂದು ಬಸ್ಸಿನ ದಾರಿಯಲ್ಲಿ ಇಂಥದ್ದು ಇದೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಚೆನ್ನಾಗಿರುವ ಕಿವಿಗೆ ಸೋ ಅಂತ ಮಳೆ ಸುರಿದಂಥ ಸದ್ದು ಬಿಟ್ಟು, ಎಡಗಿವಿಯನ್ನು ಮಾತ್ರ ಪರೀಕ್ಷೆ ಮಾಡುತ್ತಾರೆ. ಇಲ್ಲದಿದ್ದರೆ ಬಲಗಿವಿ ಕದ್ದು ಕೇಳಿಬಿಡುತ್ತದೆ. ಪರೀಕ್ಷೆ ಮಾಡಿದ್ದು ಅಲ್ಲಿ ಕಲಿಯುತ್ತಿರುವ ಒಬ್ಬ ಹುಡುಗಿ, ಹಿಂದೆ ಅವರ ಮೇಡಂ ನಿಂತಿದ್ದರು. ಹಾಳೆಯಲ್ಲಿ ಬಲಗಿವಿಯ ಕೆಂಪು ಗೆರೆ ಮೇಲೆ, ಎಡಗಿವಿಯ ನೀಲಿ ಗೆರೆ ಎಲ್ಲೋ ಕೆಳಗೆ 80 ಡೆಸಿಬಲ್ ಹತ್ತಿರ. ಆ ಹಾಳೆಯಲ್ಲಿ ಕೆಳಗೆ ಹೋದಷ್ಟೂ ಅಂಕಿ ದೊಡ್ಡದು, ಕೇಳುವುದು ಕಡಿಮೆ. ಗಣಿತದ ಟೀಚರ್ ನಾನು, ಗ್ರಾಫ್ ಓದುವುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಳೆ ಹಿಡಿದುಕೊಂಡು ಸುಮ್ನೆ ಕೂತುಬಿಟ್ಟೆ. ಆ ಹುಡುಗಿ ಏನೂ ಹೇಳಲಿಲ್ಲ. ಎದ್ದು ಸುತ್ತಿಕೊಂಡು ಬಂದು ನನ್ನ ಬಲಗಡೆ ಕೂತಳು. ಆಮೇಲೆ ಮಾತಾಡಿದಳು. ನನ್ನ ಬಲಗಡೆಗೆ ಬಂದು ಕೂತ ಮೊದಲನೆಯವಳು ಅವಳೇ.

ಮೂರು ತಿಂಗಳಿಗೆ ನೀಲಿ ಗೆರೆ 65ರ ಆಸುಪಾಸಿಗೆ ಏರಿತು. ಅಲ್ಲಿಗೇ ನಿಂತಿತು. ಈಗ ಎಡಗಿವಿಗೆ ಸದ್ದು ಅಷ್ಟಿಷ್ಟು ಬರುತ್ತದೆ, ಆದರೆ ಮಾತು ಮಾತಾಗಿ ಬರುವುದಿಲ್ಲ, ಹರಿದ ಸ್ಪೀಕರಿನಲ್ಲಿ ಕೇಳಿದ ಹಾಗೆ. ಗುಂಯ್ ಅನ್ನುವುದು ಇದೆ. ಅದರ ಜೊತೆ ಮಲಗುವುದನ್ನು ಕಲಿತೆ, ಸಣ್ಣಗೆ ಫ್ಯಾನ್ ಹಾಕಿಕೊಂಡರೆ ಸಾಕಾಗುತ್ತದೆ.

ಒಂದು ಕಿವಿ ಇದೆಯಲ್ಲ, ಇನ್ನೇನು ಅಂತ ತುಂಬ ಜನ ಕೇಳಿದರು. ಕಷ್ಟ ಇರುವುದು ದಿಕ್ಕಿನಲ್ಲಿ. ಸದ್ದು ಒಂದು ಕಿವಿಗೆ ಇನ್ನೊಂದಕ್ಕಿಂತ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಮುಂಚೆ ತಲುಪುತ್ತದೆ, ಅಷ್ಟರಲ್ಲೇ ಮಿದುಳು ಎಡವೋ ಬಲವೋ ಅಂತ ಲೆಕ್ಕ ಹಾಕಿಬಿಡುತ್ತದೆ. ನನಗೆ ಆ ಲೆಕ್ಕ ತಪ್ಪಿಹೋಯಿತು. ರಸ್ತೆಯಲ್ಲಿ ಹಾರ್ನ್ ಯಾವ ಕಡೆಯಿಂದ ಅಂತ ತಿಳಿಯುವುದಿಲ್ಲ. ಮದುವೆ ಮನೆಯಲ್ಲಿ ವಾಲಗ, ಪಾತ್ರೆ, ಮಾತು ಎಲ್ಲ ಒಂದೇ ಗದ್ದಲ. ತರಗತಿಯಲ್ಲಿ ಯಾರೋ "ಮಿಸ್" ಅಂದರೆ ನಾನು ಬೇರೆ ಕಡೆಗೇ ತಿರುಗುತ್ತಿದ್ದೆ. ಮೊದಲ ದಿನ ಮಕ್ಕಳು ನಕ್ಕರು. ನಾನು ಸ್ಟಾಫ್ ರೂಮಿಗೆ ಬಂದು ಅತ್ತೆ.

ಮಾರನೇ ದಿನ ಮಕ್ಕಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಬ್ಬೊಬ್ಬರನ್ನೇ ಮಧ್ಯಕ್ಕೆ ಕರೆದು, ಕಣ್ಣು ಮುಚ್ಚಿಸಿ, ಒಂದು ಕಿವಿ ಒತ್ತಿ ಹಿಡಿಸಿ, ಸುತ್ತ ನಿಂತವರಿಂದ ಚಪ್ಪಾಳೆ ತಟ್ಟಿಸಿದೆ. ಯಾವ ಕಡೆ ಅಂತ ಬೆರಳು ತೋರಿಸಬೇಕು. ತಪ್ಪು, ಮತ್ತೆ ತಪ್ಪು. ಆರನೇ ತರಗತಿ ಮಕ್ಕಳು ಆಮೇಲೆ ನಗಲಿಲ್ಲ. ಕೈ ಎತ್ತಿ ಎದ್ದು ನಿಂತು ಆಮೇಲೆ ಮಾತಾಡಬೇಕು ಅನ್ನುವ ನಿಯಮ ಅವರೇ ಮಾಡಿಕೊಂಡರು. ಮೆಲ್ಲಗೆ ಮಾತಾಡುವ ಒಂದು ಹುಡುಗಿ ಎಡಗಡೆ ಬೆಂಚಿನಿಂದ ಬ್ಯಾಗ್ ಎತ್ತಿಕೊಂಡು ತಾನಾಗೇ ಬಲಗಡೆ ಮೊದಲ ಬೆಂಚಿಗೆ ಬಂದಳು. ನೀವೆಲ್ಲ ಈಗ ಎಂಟನೇ ತರಗತಿಗೆ ಬಂದಿದ್ದೀರಿ ಮಕ್ಕಳೇ, ಬೇರೆ ಶಾಲೆಯಲ್ಲಿದ್ದೀರಿ. ನಿಮ್ಮ ಮಿಸ್ ನಿಮ್ಮನ್ನು ದಿನಾ ನೆನೆಯುತ್ತಾರೆ.

ನಮ್ಮ ಮನೆಯವರು ಹೆಚ್ಚು ಮಾತಿನವರಲ್ಲ. ಮಂಚದ ಮೇಲೆ ಇಪ್ಪತ್ತು ವರ್ಷದಿಂದ ಮಲಗುತ್ತಿದ್ದ ಜಾಗ ಬಿಟ್ಟು, ಒಂದು ರಾತ್ರಿ ಏನೂ ಹೇಳದೆ ದಿಂಬು ತೆಗೆದುಕೊಂಡು ಬಲಗಡೆಗೆ ಬಂದರು. ಬೈಕಿನಲ್ಲಿ ಮಾತ್ರ ನಾವು ಏನೂ ಬದಲಾಯಿಸಬೇಕಾಗಲಿಲ್ಲ. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂತರೆ ನನ್ನ ಬಲಗಿವಿ ಅವರ ಬೆನ್ನ ಕಡೆಗೇ ಇರುತ್ತದೆ. ಹೀಗಾಗಿ ನಮ್ಮ ಸಂಸಾರದ ಮುಖ್ಯ ಮಾತುಗಳೆಲ್ಲ ಈಗ ಬೈಕಿನ ಮೇಲೆ ನಡೆಯುತ್ತವೆ.

ಪರೀಕ್ಷೆಗೆ ಕಾಯುತ್ತಾ ಕೂತಾಗ ಕೊಳ್ಳೇಗಾಲದ ಕಡೆಯ ಒಬ್ಬ ಆಟೊ ಡ್ರೈವರ್ ಸಿಕ್ಕಿದ್ದರು. ಅವರಿಗೆ ಹೋಗಿದ್ದು ಬಲಗಿವಿ. ಪ್ಯಾಸೆಂಜರ್ ಹಿಂದಿನಿಂದ "ಇಲ್ಲೇ ನಿಲ್ಲಿಸಿ" ಅಂದದ್ದು ಕೇಳದೆ ಮುಂದೆ ಹೋಗಿ ಬೈಸಿಕೊಂಡದ್ದನ್ನೆಲ್ಲ ಹೇಳಿದರು. ಈಗ ಹತ್ತುವಾಗಲೇ "ಭುಜ ತಟ್ಟಿ ಸಾರ್" ಅಂತ ಹೇಳಿಬಿಡುತ್ತಾರಂತೆ. "ಅಕ್ಕ, ಮುಚ್ಚಿಡಬೇಡಿ, ಮುಚ್ಚಿಟ್ಟಷ್ಟೂ ಸುಸ್ತು" ಅಂದರು. ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಅಣ್ಣ, ನಿಮ್ಮಿಂದ ನನಗೆ ಧೈರ್ಯ ಬಂತು.

2024ರ ಜೂನ್‌ನಲ್ಲಿ ಗಾಯಕಿ ಅಲ್ಕಾ ಯಾಗ್ನಿಕ್ ತಮಗೂ ಹೀಗೇ ಆಗಿದೆ, ವಿಮಾನ ಇಳಿದು ಹೊರಗೆ ಬರುವಾಗ ಏನೂ ಕೇಳಿಸಲಿಲ್ಲ ಅಂತ ಎಲ್ಲರಿಗೂ ತಿಳಿಸಿದರು. ಆ ಸುದ್ದಿ ಬಂದ ದಿನ ನನಗೆ ಹನ್ನೊಂದು ಫೋನ್ ಬಂದವು. ನೀನು ಹೇಳುತ್ತಿದ್ದದ್ದು ಇದೇನಾ ಅಂತ. ಆರು ತಿಂಗಳು ನನ್ನ ಮಾತನ್ನು ಅರ್ಧ ನಂಬಿದ್ದವರೂ ಅವತ್ತು ಪೂರ್ತಿ ನಂಬಿದರು. ಅಷ್ಟು ದೊಡ್ಡ ಗಾಯಕಿ ಅದನ್ನು ಬಾಯಿ ಬಿಟ್ಟು ಹೇಳಿದ್ದು ಸಣ್ಣ ವಿಷಯವಲ್ಲ.

ಅದೇ ವರ್ಷ ನಾನು ಕ್ರಾಸ್ ಅನ್ನುವ ಥರದ ಯಂತ್ರ ಹಾಕಿಕೊಂಡೆ. ಎಡಗಡೆಯ ಸದ್ದನ್ನು ಹಿಡಿದು ಬಲಗಿವಿಗೆ ಕಳಿಸುತ್ತದೆ. ದಿಕ್ಕು ಅದರಿಂದ ವಾಪಸ್ ಬರುವುದಿಲ್ಲ, ಗದ್ದಲ ಇದ್ದರೆ ಆ ಗದ್ದಲವನ್ನೂ ತರುತ್ತದೆ. ಆದರೆ ಸ್ಟಾಫ್ ಮೀಟಿಂಗಿನಲ್ಲಿ ಎಡಗಡೆ ಕೂತವರ ಮಾತು ತಪ್ಪುವುದಿಲ್ಲ. ಅದಕ್ಕೆ ದುಡ್ಡು ಹೊಂದಿಸಿದ್ದು ನನ್ನ ತಂಗಿ, ನಾನು ಕೇಳದೆಯೇ.

ಈಗ ಅತ್ತೆ. ಇದನ್ನು ಬರೆಯಲು ಕೂತದ್ದೇ ಅವರಿಗಾಗಿ.

ನಮ್ಮ ಅತ್ತೆಗೆ 76. ಹತ್ತು ವರ್ಷದಿಂದ ಎರಡೂ ಕಿವಿ ಮಂದ. ವಯಸ್ಸಾಯಿತು ಅಂತ ನಾವ್ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ರೇಡಿಯೊ ಜೋರಾಯಿತು ಅಂತ ಎಷ್ಟೋ ಸಲ ನಾನೇ ಹೋಗಿ ಸಣ್ಣ ಮಾಡಿದ್ದೇನೆ. "ಎಷ್ಟು ಸಲ ಹೇಳೋದು ಅತ್ತೆ, ಹೋಗ್ಲಿ ಬಿಡಿ" ಅಂದಿದ್ದೇನೆ. ಆ "ಹೋಗ್ಲಿ ಬಿಡಿ" ಎಷ್ಟು ಚುಚ್ಚುತ್ತದೆ ಅಂತ, ಅದನ್ನೇ ಬೇರೆಯವರು ನನಗೆ ಹೇಳಿದ ದಿನ ಗೊತ್ತಾಯಿತು.

ಇಂಜೆಕ್ಷನ್ ಮುಗಿಸಿ ಮನೆಯಲ್ಲಿದ್ದಾಗ ನೆಂಟರು ಬಂದಿದ್ದರು. ಅವರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ಎಲ್ಲದಕ್ಕೂ ನಗುತ್ತಾ ತಲೆಯಾಡಿಸಿ ಕಳಿಸಿದೆ. ಅವರು ಹೋದ ಮೇಲೆ ಅತ್ತೆ ನನ್ನ ಕೈ ಹಿಡಿದು ಜಗಲಿಯಲ್ಲಿ ಕೂರಿಸಿಕೊಂಡರು. "ತಲೆ ಆಡಿಸಬೇಡ ಕಣವ್ವ. ನಾನು ಹತ್ತು ವರ್ಷ ಆಡಿಸ್ದೆ. ಕೇಳ್ಲಿಲ್ಲ ಅನ್ನು. ಬೇಜಾರಾದ್ರೆ ಅವರಿಗಾಗಲಿ." ನಾನು ಅವರ ಮಡಿಲಲ್ಲಿ ತಲೆ ಇಟ್ಟು ಅತ್ತುಬಿಟ್ಟೆ. ಅತ್ತೆ, ಅವತ್ತು ತಪ್ಪಾಯಿತು ಅಂತ ಹೇಳಿದೆ, ಅದು ನಿಮಗೆ ಕೇಳಿಸಿತೋ ಇಲ್ಲವೋ. ಇವತ್ತು ಮೊಮ್ಮಗಳು ಇದನ್ನು ನಿಮಗೆ ಓದಿ ಹೇಳುತ್ತಾಳೆ. ನನ್ನದು ತಪ್ಪಾಯಿತು.

ಮುಂದಿನ ಸಲ ಮೈಸೂರಿಗೆ ಹೋದಾಗ ಅವರನ್ನೂ ಕರೆದುಕೊಂಡು ಹೋದೆವು. ಎರಡೂ ಕಿವಿಗೆ ಯಂತ್ರ ಹಾಕಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ತಮ್ಮ ಬಳೆ ಸದ್ದು ಕೇಳಿಸಿಕೊಳ್ಳಲು ಕೈ ಅಲ್ಲಾಡಿಸಿ ಅಲ್ಲಾಡಿಸಿ ನೋಡುತ್ತಿದ್ದರು. ಮನೆಗೆ ಬಂದು ರೇಡಿಯೊ ತಾವೇ ಸಣ್ಣ ಮಾಡಿದರು.

ಈಗ ಸಂಜೆ ಜಗಲಿಯಲ್ಲಿ ನಾವಿಬ್ಬರೂ ಸೊಪ್ಪು ಬಿಡಿಸುತ್ತಾ ಕೂರುತ್ತೇವೆ. ನಾನು ಗೋಡೆಯ ಕಡೆ ಎಡಗಿವಿ ಮಾಡಿ ಕೂರುತ್ತೇನೆ, ಅವರು ಬಲಗಡೆ. ಮುಂದಿನ ಸೋಮವಾರ ಇಬ್ಬರಿಗೂ ಕಿವಿ ಪರೀಕ್ಷೆ ಇದೆ, ರಜೆ ಹಾಕಿದ್ದೇನೆ. ಬೆಳಗ್ಗೆ ಏಳರ ಬಸ್ಸಿಗೆ ಹೊರಟರೆ ರಶ್ ಇರಲ್ಲ, ಇಬ್ಬರಿಗೂ ಅಕ್ಕಪಕ್ಕ ಸೀಟು ಸಿಗುತ್ತದೆ ಅಂತ ಅತ್ತೆ ಇವತ್ತೇ ಹೇಳಿಟ್ಟಿದ್ದಾರೆ.