ಬ್ಯಾಕಪ್ ಅದೇ ಮೇಜಿನ ಡ್ರಾಯರಿನಲ್ಲಿದ್ದರೆ?

ಮಾನ್ಯ ಸಂಪಾದಕರೇ,

ಕಾಫಿ ಬೆಳೆಗಾರರ ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಹೋದಲ್ಲೆಲ್ಲ ಬ್ಯಾಕಪ್, ಅಂದರೆ ಲೆಕ್ಕದ ನಕಲು ಇಟ್ಟ ಪೆನ್‌ಡ್ರೈವ್, ಕಂಪ್ಯೂಟರ್ ಇರುವ ಮೇಜಿನ ಡ್ರಾಯರಿನಲ್ಲೇ ಇರುತ್ತದೆ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದು ಮನೆಗಳೇ ಹೋದವು, ಡ್ರಾಯರ್ ಉಳಿದೀತೇ?

ಭಾನುವಾರ ಪೂರ್ಣ ಬ್ಯಾಕಪ್, ಉಳಿದ ದಿನ ಬದಲಾದದ್ದು ಮಾತ್ರ ಸಾಕು. ಇನ್‌ಕ್ರಿಮೆಂಟಲ್ ಬ್ಯಾಕಪ್ ಹಿಂದಿನ ಬ್ಯಾಕಪ್‌ನಿಂದೀಚೆಗಿನದನ್ನಷ್ಟೇ ಹಿಡಿಯುತ್ತದೆ. ಜಾಗ ಕಡಿಮೆ, ಆದರೆ ಮಂಗಳವಾರದ ಪ್ರತಿ ಕೆಟ್ಟರೆ ಶನಿವಾರದ ಲೆಕ್ಕ ಪೂರ್ತಿ ಸಿಗದು. ಡಿಫರೆನ್ಷಿಯಲ್ ಬ್ಯಾಕಪ್ ಪ್ರತಿ ಸಲ ಭಾನುವಾರದಿಂದೀಚೆಗೆ ಬದಲಾದದ್ದನ್ನೆಲ್ಲ ಹಿಡಿಯುತ್ತದೆ; ಅದಕ್ಕೆ ಭಾನುವಾರದ್ದು, ಕೊನೆಯದು ಎರಡಿದ್ದರಾಯಿತು. ಕರೆಂಟು ಪದೇಪದೇ ಕೈಕೊಟ್ಟು ಪ್ರತಿ ಕೆಡಬಹುದಾದ ನಮ್ಮ ಸಣ್ಣ ಕಚೇರಿಗಳಿಗೆ ಅದೇ ವಾಸಿ.

ಇನ್ನೊಂದು ಪ್ರತಿ ಕ್ಲೌಡ್‌ನಲ್ಲೋ ಮೈಸೂರಿನ ನೆಂಟರ ಮನೆಯಲ್ಲೋ ಇರಲಿ. ಸಹಕಾರ ಸಂಘಗಳು ಜೂನ್ ಮಳೆಗೆ ಮುಂಚೆ ಒಮ್ಮೆ ಬೇರೆ ಕಂಪ್ಯೂಟರಿನಲ್ಲಿ ಬ್ಯಾಕಪ್ ರೀಸ್ಟೋರ್ ಮಾಡಿ, ಅಂದರೆ ಲೆಕ್ಕವನ್ನು ಅದರಿಂದ ಮರಳಿ ತಂದು, ಸದಸ್ಯರ ಸಾಲದ ಖಾತೆ ತೆರೆಯುತ್ತದೆಯೇ ನೋಡಲಿ.

– ಓದುಗಾರ್ತಿ, ಸೋಮವಾರಪೇಟೆ, ಕೊಡಗು